ಅರೆಕಾಲು ಇಂಚು

ಕಾರಿನ ಡಿಕ್ಕಿಯಲ್ಲಿ ಎರಡು ಹೊಲಿಗೆ ಯಂತ್ರ, ಒಂದು ಸಲಿಕೆ,
ಮೂವತ್ತಾರು ಮಾದರಿ ಕೌದಿ, ಮೇಣದಬತ್ತಿ, ಚಾಕೊಲೇಟು.
ಹಿಮದಲ್ಲಿ ಸಿಕ್ಕಿಕೊಂಡರೆ ಬೇಕಾದೀತೆಂದು ಗಂಡ ಇಟ್ಟದ್ದು.
ಇಷ್ಟು ಕೌದಿ ಇಟ್ಟುಕೊಂಡು ಯಾರೂ ಸಾಯೋದಿಲ್ಲ ಮಾರಾಯ ಅಂದೆ.
ಅವನು ನಗಲಿಲ್ಲ.

ಸಸ್ಕಾಚೆವಾನಿನ ಫೆಬ್ರವರಿಗೆ ದಿಗಂತವಿಲ್ಲ.
ನೆಲ ಬಿಳಿ, ಬಾನು ಬಿಳಿ, ನಡುವೆ
ಯಾರೋ ಹಾಕಿ ಬಿಚ್ಚಲು ಮರೆತ ಕಚ್ಚಾ ಹೊಲಿಗೆಯಂತೆ
ಬೇಲಿಗೂಟಗಳು.
ಅವನ್ನೇ ಹಿಡಿದು ಹೋಗುತ್ತೇನೆ, ಊರಿಂದೂರಿಗೆ:
ಚರ್ಚಿನ ನೆಲಮಾಳಿಗೆ, ಕರ್ಲಿಂಗ್ ಅಂಗಳದ ಮಹಡಿ,
ಹಂಡೆಯಲ್ಲಿ ಬೆಳಗಿನಿಂದ ಕುದಿದು ಕಹಿಯಾದ ಕಾಫಿ,
ಹನ್ನೆರಡು ಹೆಂಗಸರು, ಹನ್ನೆರಡು ಕತ್ತರಿ,
ಆ ಕತ್ತರಿಯಲ್ಲಿ ಕಾಗದ ಕತ್ತರಿಸಿದ ಗಂಡಂದಿರ ಮೇಲೆ
ಮುಗಿಯದ ದೂರು.

ಇವು ಹೋಟೆಲಿಲ್ಲದ ಊರುಗಳು. ಪಾಠ ಮುಗಿದ ಮೇಲೆ
ಯಾರಾದರೂ ಕರೆಯುತ್ತಾರೆ, ಬಟಾಣಿ ಸೂಪು ಕೊಡುತ್ತಾರೆ,
ಹಾಕಿ ಕಪ್ಪುಗಳ ಕೋಣೆಯಲ್ಲಿ ಹಾಸಿಗೆ ಹಾಸುತ್ತಾರೆ.
ಮಲಗುವ ಮುಂಚೆ ಹೊದಿಕೆ ಮಗುಚಿ ನೋಡುವುದು ನನ್ನ ಚಟ.
ಮುಖ ನೆಂಟರಿಗೆ. ಗಂಟು, ತೇಪೆ, ಬೈಗುಳ
ಎಲ್ಲ ಬೆನ್ನಿಗೆ.

ಆರ್ಡಿಸ್ ಹಾಗೆನ್‌ಳ ಮನೆಯಲ್ಲಿ ಮೊದಲು ಕಂಡದ್ದು.
ಏಳು ವರ್ಷದ ಹಿಂದೆ ನಾನೇ ಕಲಿಸಿದ ಹಾರುವ ಹೆಬ್ಬಾತು,
ಸಾಲಿಗೆ ಇಪ್ಪತ್ತನಾಲ್ಕು. ಸಾಲಿನ ತುದಿಯಲ್ಲೊಂದು ನೆರಿಗೆ,
ಕಳ್ಳತನದಲ್ಲಿ ಒಳಗೆ ಮಡಚಿದ್ದು.
ವಯಸ್ಸಾಯಿತು ಆರ್ಡಿಸ್‌ಗೆ, ಅಂದುಕೊಂಡು ದೀಪ ಆರಿಸಿದೆ.

ಸೇಂಟ್ ಒಡೀಲಿನ ಬ್ಲಾಂದೀನ್
ಕೊನೆಯ ಬಾತಿನ ರೆಕ್ಕೆಯನ್ನೇ ಕತ್ತರಿಸಿದ್ದಳು.
ಓಲ್ಗಾ ಕ್ರಾವೆಟ್ಸ್ ಸುತ್ತಲೂ ಅಂಗೈಯಗಲ ಕೆಂಪು ಅಂಚು ಕೊಟ್ಟು
ಮಂಚ ಮೀರುವಷ್ಟು ಬೆಳೆಸಿದ್ದಳು.
ರೀನಾ ಕಾರ್ಡಿನಲ್‌ಳ ಸಾಲಿನಲ್ಲಿ ಎಣಿಸಿದೆ, ಮತ್ತೆ ಎಣಿಸಿದೆ:
ಇಪ್ಪತ್ತಮೂರು.
ಇನ್ನೊಂದೆಲ್ಲಿ ಎಂದರೆ,
ಅದನ್ನು ನಮ್ಮಣ್ಣ ಹೊಡೆದು ತಿಂದ, ಅಂದಳು.

ಆ ರಾತ್ರಿ ಚೀಲದ ತಳದಿಂದ ಹಳೆಯ ಪಾಠದ ಹಾಳೆ ತೆಗೆದೆ.
ತ್ರಿಕೋನದ ಅಳತೆ, ನನ್ನದೇ ಕೈಬರಹ,
ಅರೆಕಾಲು ಇಂಚು ಹೆಚ್ಚು.
ಒಂದು ಬಾತಿಗೆ ಅರೆಕಾಲು, ಇಪ್ಪತ್ತನಾಲ್ಕಕ್ಕೆ ಮೂರಿಂಚು,
ಇಷ್ಟು ಊರಿಗೆ, ಇಷ್ಟು ಹಾಸಿಗೆಗೆ...
ಗೋಧಿ ಹೊಲಗಳ ಮೇಲೆ ಮೈಲಿಗಟ್ಟಲೆ
ನನ್ನ ತಪ್ಪು ಸಾಲುಗಟ್ಟಿ ಹಾರುತ್ತಿತ್ತು.
ನಾನು! ನೂಲೆಳೆಯಷ್ಟು ಮೂಲೆ ತಪ್ಪಿದರೆ
ಬಿಚ್ಚು, ಮತ್ತೆ ಹೊಲಿ ಎಂದವಳು.
ಇರ್ಮಾ ಪೆನ್ನರ್‌ಳನ್ನು ಅಳಿಸಿದ್ದೆ ಒಮ್ಮೆ,
ಇಡೀ ಕೋಣೆಯೆದುರು.

ಬೆಳಿಗ್ಗೆ ಆರ್ಡಿಸ್‌ಗೆ ಫೋನು ಮಾಡಿದೆ.
"ಗೊತ್ತಿತ್ತು ವಿಲ್ಮಾ. ಎಲ್ಲರಿಗೂ. ಆ ವಾರವೇ.
ನೀನು ಅಷ್ಟು ದೂರದಿಂದ ಬಂದಿದ್ದೆ,
ರಸ್ತೆ ಜಾರುತ್ತಿತ್ತು,
ಕೆಮ್ಮು ಬೇರೆ ನಿನಗೆ."
ಏಳು ವರ್ಷ, ಆರ್ಡಿಸ್! ಒಬ್ಬಳಾದರೂ ಹೇಳಬಾರದಿತ್ತೆ?
ಆ ಕಡೆ ಬಾಣಲೆಯ ಸದ್ದು, ನಲ್ಲಿಯ ಸದ್ದು.
"ಹೋಯಿತಾ ಕೆಮ್ಮು?"

ಇಂಜಿನ್ ಹೆಪ್ಪುಗಟ್ಟದಿರಲೆಂದು
ರಾತ್ರಿಯಿಡೀ ಚುಚ್ಚಿಟ್ಟ ತಂತಿ ಕಿತ್ತು ಸುತ್ತಿದೆ.
ಹಿಂದಿನ ಬಾಗಿಲು ತೆಗೆದು ನನ್ನ ಮಾದರಿ ಹುಡುಕಿದೆ,
ಹಾಳೆ ಬರೆಯುವ ಮೊದಲೇ ಹೊಲಿದದ್ದು.
ಪ್ರತಿ ಕೊಕ್ಕು ಪ್ರತಿ ಬಾಲಕ್ಕೆ ಸರಿಯಾಗಿ ಕೂತಿದೆ,
ಅಂಚು ಅಂಚಿಗೆ.
ಇದರಡಿ ಯಾರೂ ಒಂದು ರಾತ್ರಿ ಮಲಗಿಲ್ಲ.
ಬೆವರಿಲ್ಲ, ಸೂಪಿನ ಕಲೆಯಿಲ್ಲ,
ಅಂಗಡಿಯ ಗಂಜಿಯ ವಾಸನೆ ಇನ್ನೂ ಇದೆ.

ಹೀಟರು ಅಷ್ಟಕ್ಕಷ್ಟೇ.
ಮಡಿಕೆ ಬಿಚ್ಚಿ ಮೊಣಕಾಲಿಗೆ ಹೊದ್ದೆ, ಕಾಫಿ ಲೋಟ ಅದರ ಮೇಲಿಟ್ಟೆ.
ಮುಂದಿನೂರು ತೊಂಬತ್ತು ಕಿಲೋಮೀಟರು.
ಅಲ್ಲಿ ಇರ್ಮಾ ಇದ್ದಾಳೆ.